ಬಂಧನದಲ್ಲಿರುವ ಮೂಕಪ್ರಾಣಿ ಮತ್ತು ನಮ್ಮ ಹೊಣೆ

ಬೆಕ್ಕೊಂದನ್ನು ಕಟ್ಟಿಹಾಕಿ ಸಾಯಿಸಿದ ಕಾರಣಕ್ಕೆ ನರಕಕ್ಕೆ ಹೋದ ಸ್ತ್ರೀಯ ಹದೀಸನ್ನು ನೀವು ಮದ್ರಸದ ದಿನಗಳಿಂದಲೇ ಕೇಳಿರುತ್ತೀರಿ. ಹ. ಅಬ್ದುಲ್ಲಾ ಬಿನ್ ಉಮರ್(ರ) ವರದಿ ಮಾಡಿರುವ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಮತ್ತೆ ಮತ್ತೆ ಕೇಳಿದ ಮಾತಿನ ಪದಗಳ ಕಡೆಗೆ ನಮ್ಮ ಗಮನ ಅಷ್ಟಾಗಿ ಹೋಗುವುದಿಲ್ಲ. ಆದ್ದರಿಂದ ಒಮ್ಮೆ ನಿಧಾನವಾಗಿ ನೋಡೋಣ. ಆ ಸ್ತ್ರೀ ಬೆಕ್ಕನ್ನು ಹೊಡೆದಳೆಂದಾಗಲಿ, ಸುಟ್ಟಳೆಂದಾಗಲಿ ಹದೀಸಿನಲ್ಲಿಲ್ಲ. ಅವಳು ಅದನ್ನು ಕೂಡಿಹಾಕಿದಳು. ಅದಕ್ಕೆ ಅನ್ನ ನೀರು ಕೊಡಲಿಲ್ಲ. ನೆಲದ ಮೇಲಿನ ಕ್ರಿಮಿಕೀಟಗಳನ್ನಾದರೂ ಹಿಡಿದು ತಿನ್ನಲಿ ಎಂದು ಬಿಟ್ಟುಬಿಡಲೂ ಇಲ್ಲ. ಹದೀಸ್ ಹೇಳುವುದು ಇಷ್ಟನ್ನೇ.

ಬೀದಿಯ ಬೆಕ್ಕು ಹಸಿದು ಸತ್ತಿದ್ದರೆ ಆ ಸ್ತ್ರೀಯನ್ನು ಯಾರೂ ವಿಚಾರಿಸುತ್ತಿರಲಿಲ್ಲವೇನೋ. ಆದರೆ ಅವಳು ಬಾಗಿಲು ಮುಚ್ಚಿದ ಕ್ಷಣದಿಂದ ಅದರ ಆಹಾರದ ಹೊಣೆ ಅವಳ ತಲೆಯ ಮೇಲೆ ಬಂತು. ಬಂಧನ ಮತ್ತು ಹೊಣೆಗಾರಿಕೆ ಜೊತೆಜೊತೆಯಾಗಿಯೇ ಬರುತ್ತವೆ. ಈ ಸಂಗತಿಯನ್ನು ಈ ಬಾರಿ ಬೆಕ್ಕಿಗಿಂತ ಬಹಳ ದೊಡ್ಡದಾದ ಒಂದು ಜೀವಿಯ ವಿಷಯದಲ್ಲಿ ಅಧ್ಯಯನ ಮಾಡೋಣ. ಆನೆಯ ಹೆಸರಿನಲ್ಲಿಯೇ ಒಂದು ಸೂರಾ ಇರುವ ಗ್ರಂಥದ ಅನುಯಾಯಿಗಳು ನಾವು. ನಮ್ಮ ಮಕ್ಕಳು ಮೊದಮೊದಲು ಕಂಠಪಾಠ ಮಾಡುವ ಸೂರಾಗಳಲ್ಲಿ ಅದೂ ಒಂದು.

ಕರಾಚಿಯ ನೂರ್ ಜಹಾನ್

ಕರಾಚಿಯ ಮೃಗಾಲಯ 1878ರಷ್ಟು ಹಳೆಯದು. ಅಲ್ಲಿನ ಮಹಾನಗರಪಾಲಿಕೆ ಅದನ್ನು ನಡೆಸುತ್ತದೆ. ಸುಮಾರು 2009-10ರಲ್ಲಿ ಆಫ್ರಿಕಾದ ತಾಂಝಾನಿಯಾದ ಕಾಡಿನಿಂದ ಹಿಡಿದ ನಾಲ್ಕು ಆನೆಮರಿಗಳನ್ನು ಆ ನಗರಕ್ಕೆ ತರಲಾಯಿತು. ಎರಡನ್ನು ಮೃಗಾಲಯದಲ್ಲಿಟ್ಟು ನೂರ್ ಜಹಾನ್, ಮಧುಬಾಲಾ ಎಂದು ಹೆಸರಿಟ್ಟರು. ಉಳಿದೆರಡನ್ನು ಅದೇ ನಗರದ ಸಫಾರಿ ಪಾರ್ಕಿಗೆ ಕಳುಹಿಸಿದರು. ಅವುಗಳ ಹೆಸರು ಮಲಿಕಾ ಮತ್ತು ಸೋನು. ಈ ಸೋನುವನ್ನು ಗಂಡೆಂದೇ ಎಲ್ಲರೂ ತಿಳಿದಿದ್ದರು. 2021ರಲ್ಲಿ ಹೊರಗಿನ ವೈದ್ಯರು ಪರೀಕ್ಷಿಸಿದಾಗ ಅದು ಹೆಣ್ಣೆಂದು ತಿಳಿಯಿತು. ಬಳಿಕ ಅದನ್ನು ಸೋನಿಯಾ ಎಂದು ಕರೆಯಲಾಯಿತು. ಹತ್ತಕ್ಕೂ ಹೆಚ್ಚು ವರ್ಷ ಸಾಕಿದ ಪ್ರಾಣಿ ಗಂಡೋ ಹೆಣ್ಣೋ ಎಂಬುದೇ ಗೊತ್ತಿರಲಿಲ್ಲವೆಂದ ಮೇಲೆ ಅದರ ಹಲ್ಲು, ಕಾಲು, ರಕ್ತಗಳನ್ನು ಯಾರು ಎಷ್ಟು ಪರೀಕ್ಷಿಸಿದ್ದಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಮರಿಗಳನ್ನು ತಾಯಿಯಿಂದ ಅಗಲಿಸಿ ತಂದ ಮಾತು ಬಂದಾಗ ಹ. ಅಬ್ದುಲ್ಲಾ ಬಿನ್ ಮಸ್ಊದ್(ರ) ಹೇಳಿದ ಒಂದು ಘಟನೆ ನೆನಪಾಗುತ್ತದೆ. ಪ್ರಯಾಣವೊಂದರಲ್ಲಿ ಸಹಾಬಿಗಳು ಒಂದು ಸಣ್ಣ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿಹಕ್ಕಿ ಬಂದು ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಪ್ರವಾದಿ(ಸ) ಅದನ್ನು ನೋಡಿ, ಮರಿಗಳನ್ನು ಕಸಿದು ಇದನ್ನು ಸಂಕಟಕ್ಕೀಡು ಮಾಡಿದವರು ಯಾರೆಂದು ಕೇಳಿದರು ಮತ್ತು ಮರಿಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರು (ಅಬೂದಾವೂದ್). ಆನೆಗಳಲ್ಲಿ ಹೆಣ್ಣುಮರಿ ಜೀವಮಾನವಿಡೀ ತಾಯಿಯ ಹಿಂಡಿನಲ್ಲಿಯೇ ಉಳಿಯುತ್ತದೆ. ತಾಯಿ, ಚಿಕ್ಕಮ್ಮ, ಅಜ್ಜಿ ಎಲ್ಲರೂ ಒಂದೇ ಹಿಂಡು. ಸಕಲ ಪ್ರಾಣಿಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಕುರ್‌ಆನ್ ತಿಳಿಸಿರುವುದನ್ನು (ಅಲ್ ಅನ್ಆಮ್: 38) ಆನೆಗಳಷ್ಟು ಸ್ಪಷ್ಟವಾಗಿ ಕಣ್ಣಿಗೆ ತೋರಿಸುವ ಜೀವಿಗಳು ಕಡಿಮೆ.

ಪ್ರಾಣಿಗಳ ಬಗ್ಗೆ ಕಾಳಜಿಯುಳ್ಳ ಕೆಲವರು ಸಿಂಧ್ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ನಂತರ 2021ರ ನವೆಂಬರ್‌ನಲ್ಲಿ 'ಫೋರ್ ಪಾಸ್' ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಪಶುವೈದ್ಯರು ನಾಲ್ಕೂ ಆನೆಗಳನ್ನು ಪರೀಕ್ಷಿಸಿದರು. ತಂಡದ ಮುಖ್ಯಸ್ಥರು ಈಜಿಪ್ಟ್ ಮೂಲದ ಡಾ. ಅಮೀರ್ ಖಲೀಲ್. ಮೃಗಾಲಯದ ಎರಡೂ ಆನೆಗಳ ದಂತಗಳು ಮುರಿದು ಸೋಂಕಿಗೆ ಒಳಗಾಗಿದ್ದವು. ಆನೆಯ ದಂತ ಕೊಂಬಿನಂತಹ ವಸ್ತುವೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದೊಂದು ಹಲ್ಲು. ಅದರೊಳಗೆ ನಮ್ಮ ಹಲ್ಲಿನಲ್ಲಿರುವಂತೆಯೇ ನರವೂ ರಕ್ತನಾಳವೂ ಇವೆ. ಹಲ್ಲುನೋವಿನಿಂದ ಒಂದು ರಾತ್ರಿ ನಿದ್ದೆಗೆಟ್ಟವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಸೋಂಕಿನ ದಂತದ ಶಸ್ತ್ರಚಿಕಿತ್ಸೆ ನಡೆದುದು 2022ರ ಆಗಸ್ಟ್‌ನಲ್ಲಿ, ಅಂದರೆ ಪತ್ತೆಯಾದ ಒಂಬತ್ತು ತಿಂಗಳ ಬಳಿಕ.

ಮುಂದಿನ ವರ್ಷದ ಆರಂಭದಲ್ಲಿ ನೂರ್ ಜಹಾನ್‌ನ ಹಿಂಗಾಲುಗಳು ಬಲಗುಂದಿದವು. 2023ರ ಎಪ್ರಿಲ್ ಮೊದಲ ವಾರದಲ್ಲಿ ಡಾ. ಖಲೀಲರ ತಂಡ ಪುನಃ ಬಂದಿತು. ಆನೆ ಕುಸಿಯದಂತೆ ಕ್ರೇನ್ ಬಳಸಿ ಆಧಾರ ಕೊಟ್ಟು ಪರೀಕ್ಷೆ ನಡೆಸಬೇಕಾಯಿತು. ಹೊಟ್ಟೆಯೊಳಗೆ ದೊಡ್ಡದಾಗಿ ರಕ್ತ ಹೆಪ್ಪುಗಟ್ಟಿ ಅಂಗಗಳನ್ನು ಒತ್ತುತ್ತಿರುವುದು ಕಂಡುಬಂತು. ಎಪ್ರಿಲ್ 13ರಂದು ಅದು ತನ್ನ ಆವರಣದ ನೀರಿನ ಹೊಂಡಕ್ಕೆ ಬಿದ್ದಿತು. ಮೇಲೆತ್ತಿದರೂ ಮತ್ತೆ ಕಾಲೂರಿ ನಿಲ್ಲಲಿಲ್ಲ. ಮಗ್ಗುಲಾಗಿ ಬಿದ್ದುಕೊಂಡೇ ಒಂಬತ್ತು ದಿನ ಕಳೆದು ಎಪ್ರಿಲ್ 22ರಂದು ಪ್ರಾಣ ಬಿಟ್ಟಿತು. ಅದಕ್ಕಾಗ ಹದಿನೇಳು ವರ್ಷ. ಕಾಡಿನ ಆಫ್ರಿಕನ್ ಆನೆ ಅರುವತ್ತರ ಆಸುಪಾಸು ಬದುಕಬಲ್ಲದು.

ದಿನಾಂಕಗಳನ್ನು ಇನ್ನೊಮ್ಮೆ ನೋಡಿ. ಆನೆ ಬಿದ್ದುದು ಹಿಜರಿ 1444ರ ರಮಝಾನಿನ ಕೊನೆಯ ಹತ್ತರಲ್ಲಿ. ಸತ್ತುದು ಪಾಕಿಸ್ತಾನದಲ್ಲಿ ಈದುಲ್ ಫಿತ್ರ್‌ನ ದಿನ. ಇಡೀ ನಗರ ಉಪವಾಸ, ತರಾವೀಹ್, ಝಕಾತ್‌ಗಳಲ್ಲಿ ಮುಳುಗಿದ್ದ ದಿನಗಳವು. ಆ ನಗರದವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅದಕ್ಕಾಗಿ ಮರುಗಿದವರು, ಹಗಲಿರುಳು ಅದರ ಪಕ್ಕದಲ್ಲಿದ್ದು ನೀರೆರೆದವರು, ನ್ಯಾಯಾಲಯಕ್ಕೆ ಅಲೆದವರು ಅಲ್ಲಿನವರೇ.

ಮೊಂಡುತನವೋ, ನೋವೋ?

ಹುದೈಬಿಯಾದ ಪ್ರಯಾಣದಲ್ಲಿ ಪ್ರವಾದಿಯವರ(ಸ) ಒಂಟೆ ಕಸ್ವಾ ದಾರಿಯಲ್ಲಿ ಕುಳಿತುಬಿಟ್ಟಿತು. ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಕಸ್ವಾ ಮೊಂಡುಬಿದ್ದಿದೆಯೆಂದು ಜನರು ಹೇಳತೊಡಗಿದರು. ಪ್ರವಾದಿ(ಸ) ಅದನ್ನು ಒಪ್ಪಲಿಲ್ಲ. ಅದು ಮೊಂಡು ಹಿಡಿದಿಲ್ಲ, ಅದರ ಸ್ವಭಾವವೂ ಅಂಥದ್ದಲ್ಲ, ಆನೆಯನ್ನು ತಡೆದವನೇ ಇದನ್ನೂ ತಡೆದಿದ್ದಾನೆಂದು ತಿಳಿಸಿದರು (ಬುಖಾರಿ). ಇಲ್ಲಿ ಆನೆಯೆಂದರೆ ಕಅಬಾದ ಮೇಲೆ ದಂಡೆತ್ತಿ ಬಂದ ಅಬ್ರಹನ ಆನೆ. ಆ ಆನೆಯೂ ಮಕ್ಕಾದ ಕಡೆಗೆ ಹೆಜ್ಜೆಯಿಡದೆ ಮಂಡಿಯೂರಿತೆಂದೂ, ಅದನ್ನೆಬ್ಬಿಸಲು ಕಬ್ಬಿಣದ ಆಯುಧಗಳಿಂದ ತಲೆಗೆ ಹೊಡೆದು ಕೊಕ್ಕೆಗಳಿಂದ ತಿವಿದರೆಂದೂ ಸೀರತ್‌ನ ಗ್ರಂಥಕಾರರು ಬರೆದಿದ್ದಾರೆ.

ಹುದೈಬಿಯಾದ ಘಟನೆಯಿಂದ ನಾವು ಸಾಮಾನ್ಯವಾಗಿ ಒಪ್ಪಂದದ ಪಾಠ ಕಲಿಯುತ್ತೇವೆ. ಒಂಟೆಯ ಮೇಲೆ ಬಂದ ಸುಳ್ಳು ಆರೋಪವನ್ನು ಪ್ರವಾದಿ(ಸ) ಅಲ್ಲಿಯೇ ನಿವಾರಿಸಿದ್ದನ್ನು ಗಮನಿಸುವವರು ಕಡಿಮೆ. ಮಾತು ಬಾರದ ಪ್ರಾಣಿ ಹೇಳಿದಂತೆ ಕೇಳದಿದ್ದಾಗ ನಮ್ಮ ಬಾಯಿಗೆ ಮೊದಲು ಬರುವ ಪದ ಮೊಂಡು. ದಂತದ ಬುಡದಲ್ಲಿ ಕೀವು ತುಂಬಿದ ಆನೆ ತಲೆ ಕೊಡವಿದರೆ ಅದು ಮೊಂಡು. ಪಾದದಲ್ಲಿ ಹುಣ್ಣಾದ ಆನೆ ನಡೆಯಲು ಹಿಂಜರಿದರೆ ಅದೂ ಮೊಂಡು. ಅಂಕುಶ ಮೇಲೇಳುತ್ತದೆ, ವೈದ್ಯರು ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪು ತಿಳುವಳಿಕೆಯೂ ಇದೆ. ಕಟ್ಟಿಹಾಕಿದ ಆನೆ ಗಂಟೆಗಟ್ಟಲೆ ತಲೆ ತೂಗುತ್ತಾ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ನಿಲ್ಲುತ್ತದೆ. ನೋಡಿದ ಮಕ್ಕಳು ಆನೆ ಕುಣಿಯುತ್ತಿದೆಯೆಂದು ಚಪ್ಪಾಳೆ ತಟ್ಟುತ್ತವೆ. ಕಾಡಿನ ಆನೆ ಹೀಗೆ ಮಾಡುವುದಿಲ್ಲ. ಒಂಟಿತನ, ಬೇಸರ, ಬಂಧನಗಳಿಂದ ಮನಸ್ಸು ಕುಗ್ಗಿದ ಲಕ್ಷಣವೆಂದು ಪಶುವೈದ್ಯರು ಇದನ್ನು ಗುರುತಿಸುತ್ತಾರೆ. ಮುಂದಿನ ಸಲ ಮಕ್ಕಳೊಡನೆ ಹೋದಾಗ ಇದನ್ನು ಅವರಿಗೆ ಹೇಳಿಕೊಡಿ.

ಹೊಟ್ಟೆ ತುಂಬಿಸಿದರೆ ಸಾಕೇ?

ಬೆಕ್ಕಿನ ಹದೀಸಿನಿಂದ ವ್ಯಾಖ್ಯಾನಕಾರರು ಒಂದು ಅನುಮತಿಯನ್ನೂ ಕಂಡುಕೊಂಡಿದ್ದಾರೆ. ಅನ್ನ ನೀರು ಕೊಡುವುದಾದರೆ ಪ್ರಾಣಿಯನ್ನು ಇಟ್ಟುಕೊಳ್ಳಬಹುದು. ಹ. ಅನಸ್‌ರ(ರ) ತಮ್ಮ, ಪುಟ್ಟ ಅಬೂ ಉಮೈರ್‌ನ ಬಳಿ ಒಂದು ಚಿಕ್ಕ ಹಕ್ಕಿಯಿತ್ತು. ಅದರ ಬಗ್ಗೆ ಪ್ರವಾದಿ(ಸ) ಅವನೊಡನೆ ಸಲಿಗೆಯಿಂದ ಮಾತಾಡಿದ್ದುಂಟು (ಬುಖಾರಿ). ಆದ್ದರಿಂದ ಪ್ರಾಣಿ ಸಾಕುವುದೇ ನಿಷಿದ್ಧವೆಂದು ಹೇಳುವಂತಿಲ್ಲ. ಮೃಗಾಲಯದವರೂ ಇದನ್ನೇ ಹೇಳುತ್ತಾರೆ: ನಾವು ಹೊಟ್ಟೆ ತುಂಬ ಮೇವು ಕೊಡುತ್ತಿದ್ದೇವಲ್ಲ!

ಈ ಉತ್ತರ ಆನೆಯ ವಿಷಯದಲ್ಲಿ ಸಾಲದು. ಹೇಗೆಂಬುದನ್ನು ತಿಳಿಯಲು ಅದರ ಪಾದವನ್ನು ಅರಿಯಬೇಕು. ಆನೆ ನಿಂತಿರುವುದು ಒಂದರ್ಥದಲ್ಲಿ ಬೆರಳ ತುದಿಗಳ ಮೇಲೆ. ಬೆರಳುಗಳ ಹಿಂದೆ ಕೊಬ್ಬಿನ ದಪ್ಪ ಮೆತ್ತೆಯೊಂದು ಅದರ ಟನ್‌ಗಟ್ಟಲೆ ಭಾರವನ್ನು ಹೊರುತ್ತದೆ. ಉಗುರುಗಳೂ ಅಂಗಾಲಿನ ಚರ್ಮವೂ ಸದಾ ಬೆಳೆಯುತ್ತಿರುತ್ತವೆ. ಕಾಡಿನಲ್ಲಿ ದಿನಾಲೂ ಮೈಲುಗಟ್ಟಲೆ ನಡೆಯುವಾಗ ಮಣ್ಣು, ಮರಳು, ಕಲ್ಲುಗಳಿಗೆ ಉಜ್ಜಿ ಅವು ತಾವಾಗಿಯೇ ಸವೆಯುತ್ತವೆ. ಇದು ಅಲ್ಲಾಹನ ಏರ್ಪಾಡು. ಕಾಂಕ್ರೀಟು ನೆಲದ ಮೇಲೆ, ತನ್ನದೇ ಮೂತ್ರ ಲದ್ದಿಗಳ ತೇವದಲ್ಲಿ ಸರಪಳಿ ಹಾಕಿ ನಿಲ್ಲಿಸಿದರೆ ಉಗುರು ಸೀಳುತ್ತದೆ, ಅಂಗಾಲು ಬಿರಿಯುತ್ತದೆ, ಬಿರುಕಿನಲ್ಲಿ ಕೀವಾಗುತ್ತದೆ. ನಾವಾದರೆ ಕಾಲು ನೋವೆಂದು ಮಲಗಬಹುದು. ಆನೆ ಅದೇ ಹುಣ್ಣಿನ ಮೇಲೆ ಭಾರ ಹಾಕಿ ನಿಲ್ಲಲೇಬೇಕು. ಸೋಂಕು ಮೂಳೆಗಿಳಿದರೆ ಅದನ್ನು ಗುಣಪಡಿಸುವುದು ಬಹಳ ಕಷ್ಟ. ಪಾದದ ರೋಗ ಮತ್ತು ಸಂಧಿವಾತ, ಬಂಧನದ ಆನೆಗಳ ಮರಣಕ್ಕೆ ಪ್ರಮುಖ ಕಾರಣಗಳಲ್ಲಿ ಸೇರಿವೆ. ಅಂದರೆ ಮೇವಿನ ರಾಶಿಯ ಎದುರೇ, ಹೊಟ್ಟೆ ತುಂಬಿದ್ದಾಗಲೇ ಅದು ಸಾಯಬಹುದು.

ಚಿಕಿತ್ಸೆಯೇನೂ ಅದ್ಭುತ ವಿದ್ಯೆಯಲ್ಲ. ದಿನವೂ ಪಾದ ತೊಳೆದು ನೋಡುವುದು, ಬೆಳೆದ ಉಗುರನ್ನು ಕತ್ತರಿಸಿ ಅರದಿಂದ ಉಜ್ಜುವುದು, ಔಷಧಿ ನೀರಿನಲ್ಲಿ ಕಾಲಿರಿಸುವುದು, ನಡೆಯಲು ಮಣ್ಣಿನ ನೆಲ ಕೊಡುವುದು. ಹೊಡೆಯದೆ, ಹಣ್ಣಿನ ಆಸೆ ತೋರಿಸಿ ಕಂಬಿಯ ಸಂದಿನಲ್ಲಿ ತಾನಾಗಿ ಕಾಲು ಚಾಚುವಂತೆ, ರಕ್ತ ತೆಗೆಯಲು ಕಿವಿಯೊಡ್ಡುವಂತೆ ಆನೆಗೆ ಕಲಿಸಬಹುದು. ಬೇಕಾಗುವುದು ತಾಳ್ಮೆಯುಳ್ಳ ಒಬ್ಬ ಮಾವುತ ಮತ್ತು ಪ್ರತಿದಿನ ಒಂದಿಷ್ಟು ಹೊತ್ತು. ಇದನ್ನು ವರ್ಷಗಟ್ಟಲೆ ಮಾಡದೆ, ಆನೆ ಬಿದ್ದ ಮೇಲೆ ಕ್ರೇನ್ ತಂದರೆ ಹೆಚ್ಚು ಪ್ರಯೋಜನವಿಲ್ಲ. ಬಹಳ ಹೊತ್ತು ಮಲಗಿದ ಆನೆಯ ಸ್ನಾಯುಗಳನ್ನೂ ಉಸಿರನ್ನೂ ಅದರ ಸ್ವಂತ ಭಾರವೇ ಅದುಮುತ್ತದೆ. ವೈದ್ಯರು ನೂರ್ ಜಹಾನನ್ನು ನಿಲ್ಲಿಸಲು ಅಷ್ಟು ಹೆಣಗಾಡಿದ್ದು ಅದಕ್ಕಾಗಿಯೇ.

ಇಸ್ಲಾಮಾಬಾದಿನ ಕಾವಾನ್ ಎಂಬ ಸಲಗನ ಕಥೆ ಇದಕ್ಕೆ ಇನ್ನೊಂದು ಸಾಕ್ಷಿ. 1985ರಲ್ಲಿ ಶ್ರೀಲಂಕಾ ಉಡುಗೊರೆಯಾಗಿ ಕೊಟ್ಟ ಮರಿ ಅದು. ಜೊತೆಗಾತಿ ಸಹೇಲಿ 2012ರಲ್ಲಿ ಸತ್ತ ಬಳಿಕ ಎಂಟು ವರ್ಷ ಒಂಟಿಯಾಗಿತ್ತು. 2020ರಲ್ಲಿ ವೈದ್ಯರು ಪರೀಕ್ಷಿಸಿದಾಗ ಅದರ ಮೈ ಮಿತಿಮೀರಿ ಬೆಳೆದಿತ್ತು. ಜೊತೆಗೇ ಪೌಷ್ಟಿಕತೆಯ ಕೊರತೆಯೂ ಇತ್ತು! ದಿನವೂ ರಾಶಿಗಟ್ಟಲೆ ಕಬ್ಬು ತಿನ್ನಿಸುತ್ತಿದ್ದುದರ ಫಲವದು. ಉಗುರುಗಳು ಒಡೆದಿದ್ದವು. ಅದೇ ವರ್ಷ ಮೇ 21ರಂದು ಇಸ್ಲಾಮಾಬಾದ್ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಅತ್ಹರ್ ಮಿನಲ್ಲಾ ನೀಡಿದ ತೀರ್ಪು, ಪ್ರಾಣಿಗಳಿಗೂ ಕಾನೂನಿನ ಹಕ್ಕುಗಳಿವೆಯೆಂದು ಒಪ್ಪಿತು. ಕುರ್‌ಆನ್ ಮತ್ತು ಪ್ರವಾದಿ ಚರ್ಯೆಯ ಆಧಾರಗಳನ್ನೂ ಅದರಲ್ಲಿ ಕೊಡಲಾಗಿದೆ. ಆಹಾರ ಬದಲಿಸಿ, ನಡೆಸಿ, ಮೈ ಇಳಿಸಿ ನವೆಂಬರ್ 30ರಂದು ಕಾವಾನನ್ನು ವಿಮಾನದಲ್ಲಿ ಕಾಂಬೋಡಿಯಾದ ಕಾಡಿನ ಆಶ್ರಯಧಾಮಕ್ಕೆ ತಲುಪಿಸಲಾಯಿತು. ಅಂದ ಹಾಗೆ, ಅದೇ ಮೃಗಾಲಯದ ಎರಡು ಸಿಂಹಗಳನ್ನು ಆ ವರ್ಷದ ಜುಲೈಯಲ್ಲಿ ಸ್ಥಳಾಂತರಿಸುವಾಗ, ಗೂಡಿನಿಂದ ಹೊರಡಿಸಲೆಂದು ಒಳಗೆ ಬೆಂಕಿ ಹಚ್ಚಿದ್ದರಿಂದ ಅವು ಸತ್ತುಹೋದವು. ಒಳ್ಳೆಯ ತೀರ್ಪೊಂದಿದ್ದರೆ ಸಾಲದು, ಅದನ್ನು ನಡೆಸುವ ಕೈಗಳೂ ಒಳ್ಳೆಯವಾಗಿರಬೇಕು.

ಧರ್ಮಶಾಸ್ತ್ರದ ದೃಷ್ಟಿಯಲ್ಲಿ

ಪ್ರಾಣಿಯ ಖರ್ಚುವೆಚ್ಚವನ್ನು ಫಿಕ್ಹ್ ವಿದ್ವಾಂಸರು ನಫಕದ ಅಧ್ಯಾಯದಲ್ಲಿ, ಪತ್ನಿ ಮತ್ತು ಮಕ್ಕಳ ಜೀವನಾಂಶದ ಜೊತೆಯಲ್ಲಿಯೇ ಚರ್ಚಿಸಿದ್ದಾರೆ. ನಮ್ಮ ಕರಾವಳಿಯ ಬಹುಪಾಲು ಜನರು ಅನುಸರಿಸುವ ಶಾಫಿಈ ಮಝ್‌ಹಬ್‌ನ ಪ್ರಕಾರ, ಮಾಲಕನು ಮೇವು ಕೊಡಲು ನಿರಾಕರಿಸಿದರೆ ನ್ಯಾಯಾಧೀಶನು ಅವನನ್ನು ಬಲವಂತಪಡಿಸಬೇಕು: ಮೇವು ಕೊಡು, ಇಲ್ಲವೇ ಮಾರು, ತಿನ್ನಲು ಧರ್ಮಸಮ್ಮತವಾದ ಪ್ರಾಣಿಯಾಗಿದ್ದರೆ ಕೊಯ್ದುಬಿಡು. ಹನಫೀ ಮಝ್‌ಹಬ್‌ನಲ್ಲಿ ಅಲ್ಲಾಹನ ಮುಂದೆ ಅದು ಮಾಲಕನ ಕರ್ತವ್ಯವೆಂಬುದರಲ್ಲಿ ಭಿನ್ನಮತವಿಲ್ಲ. ನ್ಯಾಯಾಲಯವೂ ಒತ್ತಾಯಪಡಿಸಬೇಕೆಂದು ಇಮಾಮ್ ಅಬೂ ಯೂಸುಫ್(ರ) ಹೇಳಿದ್ದಾರೆ.

ಹಿಜರಿ 660ರಲ್ಲಿ (ಕ್ರಿ.ಶ. 1262) ನಿಧನರಾದ ಮಹಾವಿದ್ವಾಂಸ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್(ರ), ತಮ್ಮ 'ಕವಾಇದುಲ್ ಅಹ್ಕಾಮ್' ಎಂಬ ಗ್ರಂಥದಲ್ಲಿ ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಹೆಸರಿಸಿದ್ದಾರೆ. ಮುದಿಯಾಗಿಯೋ ರೋಗಪೀಡಿತವಾಗಿಯೋ ಯಾವ ಉಪಯೋಗಕ್ಕೂ ಬಾರದಾದರೂ ಅದರ ಖರ್ಚು ನೋಡಿಕೊಳ್ಳಬೇಕು, ಶಕ್ತಿ ಮೀರಿ ಭಾರ ಹೊರಿಸಬಾರದು, ಅದಕ್ಕೆ ಗಾಯ ಮಾಡುವಂತಹವುಗಳ ಜೊತೆ ಕೂಡಿಹಾಕಬಾರದು, ತಂಗುವ ಮತ್ತು ನೀರು ಕುಡಿಯುವ ತಾಣಗಳನ್ನು ಚೆನ್ನಾಗಿಡಬೇಕು, ಋತುಕಾಲದಲ್ಲಿ ಗಂಡು ಹೆಣ್ಣುಗಳನ್ನು ಜೊತೆಗೂಡಿಸಬೇಕು. ಇದನ್ನು ಬರೆದು ಏಳುನೂರೈವತ್ತು ವರ್ಷಗಳಿಗೂ ಹೆಚ್ಚಾಯಿತು. ಇಂದಿನ ಮೃಗಾಲಯದ ನಿಯಮಾವಳಿಯೊಂದನ್ನು ಇದರ ಪಕ್ಕದಲ್ಲಿಟ್ಟು ಓದಿ ನೋಡಿ.

ಚಿಕಿತ್ಸೆಯೂ ಈ ನಫಕದಲ್ಲಿ ಸೇರುತ್ತದೆಯೇ? ಕಾಡಿನ ಪ್ರಾಣಿ ತನಗೆ ಬೇಕಾದ ಸೊಪ್ಪು, ತೊಗಟೆ, ಉಪ್ಪುಮಣ್ಣುಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಬಂಧಿಸಿದವನು ಆ ದಾರಿಯನ್ನು ಮುಚ್ಚಿದ್ದಾನೆ. ಬೆಕ್ಕಿಗೆ ನೆಲದ ಕ್ರಿಮಿಕೀಟಗಳನ್ನು ನಿರಾಕರಿಸಿದ್ದು ಅಪರಾಧವಾದರೆ, ಆನೆಗೆ ನಡೆಯುವ ನೆಲವನ್ನೂ ಔಷಧಿಯನ್ನೂ ನಿರಾಕರಿಸುವುದು ಬೇರೆಯಾಗಲಾರದೆಂಬುದು ಈ ಲೇಖಕನ ತಿಳುವಳಿಕೆ. ಹೆಚ್ಚು ಬಲ್ಲವನು ಅಲ್ಲಾಹನು.

ಮನುಷ್ಯರಿಗೇ ಔಷಧಿಯಿಲ್ಲದ ಊರಿನಲ್ಲಿ ಆನೆಗೇಕೆ ಇಷ್ಟು ಖರ್ಚು ಎಂದು ನೀವು ಕೇಳಬಹುದು. ಈ ಪ್ರಶ್ನೆ ಅಲಕ್ಷಿಸತಕ್ಕದ್ದಲ್ಲ. ಆದರೆ ಇದನ್ನು ಕೇಳಬೇಕಾದ ಸಮಯ ಆನೆ ಕಾಯಿಲೆ ಬಿದ್ದಾಗಿನದಲ್ಲ, ಅದನ್ನು ತರಲು ಹೊರಟಾಗಿನದು. ಆನೆ ತರುವುದು ಯಾರ ಮೇಲೂ ಕಡ್ಡಾಯವಿರಲಿಲ್ಲ. ನಫಿಲ್ ನಮಾಝ್ ಆರಂಭಿಸುವ ತನಕ ಐಚ್ಛಿಕ. ಆರಂಭಿಸಿದ ಮೇಲೆ ಪೂರ್ತಿಗೊಳಿಸುವುದು ವಾಜಿಬ್ ಎಂದು ಹನಫೀ ವಿದ್ವಾಂಸರು ಹೇಳುತ್ತಾರಲ್ಲ, ಇದೂ ಹಾಗೆಯೇ. ತಂದು ಬಾಗಿಲು ಹಾಕಿದ ಮೇಲೆ ಬಡತನದ ನೆಪ ನಡೆಯದು. ಕೈಲಾಗದಿದ್ದರೆ, ನೋಡಿಕೊಳ್ಳಬಲ್ಲವರಿಗೆ ಒಪ್ಪಿಸಬೇಕು.

ಮಾಲಕ ಯಾರು?

ಮದೀನಾದ ಅನ್ಸಾರಿಯೊಬ್ಬರ ತೋಟದಲ್ಲಿ ಒಂಟೆಯೊಂದು ಪ್ರವಾದಿಯವರನ್ನು(ಸ) ಕಂಡು ನರಳಿ ಕಣ್ಣೀರು ಸುರಿಸಿತು. ಅವರು ಅದರ ತಲೆ ಸವರಿ ಸಮಾಧಾನಪಡಿಸಿದ ಬಳಿಕ ಮೊದಲು ಕೇಳಿದ್ದು, ಇದರ ಮಾಲಕ ಯಾರೆಂದು. ತರುಣನೊಬ್ಬ ಮುಂದೆ ಬಂದ. ನೀನು ಇದನ್ನು ಹಸಿವಿನಲ್ಲಿಟ್ಟು ದಣಿಸುತ್ತಿರುವೆಯೆಂದು ಇದು ದೂರುತ್ತಿದೆ, ಇದರ ವಿಷಯದಲ್ಲಿ ಅಲ್ಲಾಹನನ್ನು ಭಯಪಡುವುದಿಲ್ಲವೇ ಎಂದು ಅವನನ್ನು ಎಚ್ಚರಿಸಿದರು (ಅಬೂದಾವೂದ್). ಆ ಒಂಟೆಗೆ ಒಬ್ಬ ಮಾಲಕನಿದ್ದ, ಕರೆದಾಗ ಬಂದ. ಮೃಗಾಲಯದ ಆನೆಯ ಮಾಲಕ ಯಾರೆಂದು ಕೇಳಿದರೆ ಯಾರು ಮುಂದೆ ಬರುತ್ತಾರೆ? ಪಾಲಿಕೆಯವರು ಅನುದಾನವಿಲ್ಲವೆನ್ನುತ್ತಾರೆ, ಅಧಿಕಾರಿ ಈಗಷ್ಟೇ ವರ್ಗವಾಗಿ ಬಂದೆನೆನ್ನುತ್ತಾನೆ, ವೈದ್ಯರು ಉಪಕರಣವಿಲ್ಲವೆನ್ನುತ್ತಾರೆ, ಮಾವುತನ ಮಾತನ್ನು ಯಾರೂ ಕೇಳುವುದಿಲ್ಲ. ನಿಮ್ಮಲ್ಲಿ ಪ್ರತಿಯೊಬ್ಬನೂ ಮೇಲ್ವಿಚಾರಕ, ಪ್ರತಿಯೊಬ್ಬನೂ ತನ್ನ ಅಧೀನದವರ ಬಗ್ಗೆ ವಿಚಾರಣೆಗೊಳಗಾಗುವನೆಂಬ ಪ್ರವಾದಿ ವಚನವು ಇಂತಹ ಹಂಚಿಹೋದ ಹೊಣೆಯನ್ನೂ ಒಳಗೊಂಡಿದೆ. ಟಿಕೆಟು ಕೊಂಡು ಒಳಹೋಗುವ ನಾವೂ ಅದರಿಂದ ಪೂರ್ತಿ ಹೊರಗಿಲ್ಲ.

ನಮ್ಮ ದೇಶದಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು 2009ರಲ್ಲಿ, ಮೃಗಾಲಯಗಳ ಆನೆಗಳನ್ನು ಕಾಡಿಗೆ ಸಮೀಪದ ಬಿಡಾರ ಮತ್ತು ಪುನರ್ವಸತಿ ತಾಣಗಳಿಗೆ ಕಳುಹಿಸಬೇಕೆಂದು ಸೂಚಿಸಿತು. ಅದು ಎಲ್ಲ ಕಡೆಯೂ ಜಾರಿಗೆ ಬರಲಿಲ್ಲ. ಶಿವಮೊಗ್ಗದ ಬಳಿಯ ಸಕ್ರೆಬೈಲು ಬಿಡಾರಕ್ಕೆ ಹೋದವರು ತುಂಗೆಯ ಹಿನ್ನೀರಿನಲ್ಲಿ ಮಾವುತರು, ಕಾವಾಡಿಗಳು ಆನೆಗಳ ಮೈಯುಜ್ಜಿ ತೊಳೆಯುವುದನ್ನು ಕಂಡಿರಬಹುದು. ಅವರಲ್ಲಿ ಮುಸ್ಲಿಮರೂ ಇದ್ದಾರೆ. ಆನೆಯ ಪಾದದ ಕುರಿತು ಇಲ್ಲಿ ಬರೆದುದನ್ನೆಲ್ಲ ಅವರು ನಮಗಿಂತ ಚೆನ್ನಾಗಿ ಬಲ್ಲರು. ಮೃಗಾಲಯಕ್ಕೆ ಹೋದಾಗ ಪ್ರಾಣಿಗಳಿಗೆ ತಿಂಡಿ ಎಸೆಯಬೇಡಿ. ಕುಂಟುವ, ಬಡಕಲಾದ, ಗಾಯಗೊಂಡ ಪ್ರಾಣಿ ಕಂಡರೆ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡಿ. ಮನೆಯ ಪಂಜರದಲ್ಲಿ ಕಾಡಿನ ಗಿಳಿಯಿದ್ದರೆ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರವೂ ಅಪರಾಧವೆಂಬುದು ತಿಳಿದಿರಲಿ.

ಕರಾಚಿಯಲ್ಲಿ ಉಳಿದ ಆನೆಗಳ ವಿಷಯ ಹೇಳಬೇಕಾಗಿದೆ. ಮಧುಬಾಲಾಳನ್ನು 2024ರ ನವೆಂಬರ್ 26ರಂದು ಸಫಾರಿ ಪಾರ್ಕಿಗೆ ಸಾಗಿಸಿ, ಹದಿನೈದು ವರ್ಷಗಳ ಅಗಲಿಕೆಯ ನಂತರ ಮಲಿಕಾ ಮತ್ತು ಸೋನಿಯಾರ ಜೊತೆ ಸೇರಿಸಲಾಯಿತು. ಹನ್ನೆರಡು ದಿನಗಳಲ್ಲಿ, ಡಿಸೆಂಬರ್ 8ರಂದು, ಸೋನಿಯಾ ಸತ್ತಿತು. ಅದಕ್ಕೆ ಕ್ಷಯರೋಗವಿತ್ತೆಂದು ಬಳಿಕ ತಿಳಿಯಿತು. 2025ರಲ್ಲಿ ಉಳಿದೆರಡರಲ್ಲೂ ಅದೇ ರೋಗ ಪತ್ತೆಯಾಯಿತು. ಬಂಧನದ ಆನೆಗಳಿಗೆ ಕ್ಷಯ ಸಾಮಾನ್ಯವಾಗಿ ಮನುಷ್ಯರಿಂದಲೇ ಅಂಟುತ್ತದೆ, ಅವುಗಳಿಂದ ಮನುಷ್ಯರಿಗೂ ಹರಡಬಲ್ಲದು. ಶ್ರೀಲಂಕಾದ ವೈದ್ಯರ ಮಾರ್ಗದರ್ಶನದಲ್ಲಿ ಚಿಕಿತ್ಸೆ ಆರಂಭವಾಯಿತು. ಔಷಧಿಯೂ ಮನುಷ್ಯರಿಗೆ ಕೊಡುವುದೇ, ದಿನಕ್ಕೆ ನಾನೂರರಷ್ಟು ಮಾತ್ರೆ. ಕಹಿ ತಿಳಿದ ಆನೆಗಳು ಮೊದಮೊದಲು ಅವನ್ನು ಉಗುಳಿಬಿಟ್ಟವು. ಮಾವುತರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಸೇಬು, ಬಾಳೆಹಣ್ಣು, ಸಿಹಿತಿಂಡಿಗಳೊಳಗೆ ಮಾತ್ರೆಗಳನ್ನು ಅಡಗಿಸಿ, ಒಂದನ್ನು ಉಗುಳಿದರೆ ಇನ್ನೊಂದನ್ನು ಕೊಡುತ್ತಾ ಬಂದರು. ಒಂದು ವರ್ಷದ ಚಿಕಿತ್ಸೆಯದು.